ಅಮ್ಮ ಸಿನಿಮಾ ನೋಡಿದ ಜಾಗಗಳಿಗೆ ಮೂರು ದಿನ

ಕಳೆದ ಜುಲೈ ಕೊನೆಯ ವಾರ ಅಮ್ಮನನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಹೋಗಿ ಬಂದೆ. ಪುಷ್ಯ ಮಳೆ ಹಿಡಿದಿತ್ತು. "ಈ ಮಳೇಲಿ ಯಾರಾದ್ರೂ ಮಲೆನಾಡಿಗೆ ಹೋಗ್ತಾರಾ" ಎಂದು ಮನೆಯಲ್ಲಿ ಎಲ್ಲರೂ ಕೇಳಿದರು. ಆದರೆ ತಡ ಮಾಡುವ ಹಾಗಿರಲಿಲ್ಲ. ನಾನು ಬೆಳೆದ ಬೀದಿಯ ಪಕ್ಕದ ಟಾಕೀಸನ್ನು ಕೆಡವುತ್ತಾರೆ ಅಂತ ಸುದ್ದಿ ಬಂದಿತ್ತು. ಅಮ್ಮ ಅದನ್ನು ಕೇಳಿ ಎರಡು ದಿನ ಏನೂ ಹೇಳಲಿಲ್ಲ. ಮೂರನೇ ದಿನ ಬೆಳಿಗ್ಗೆ ಕಾಫಿ ಕೊಡುತ್ತಾ, "ಒಂದ್ಸಲ ನೋಡ್ಕೊಂಡು ಬರೋಣ ಕಣೆ. ಹಾಗೇ ಊರಿಗೂ ಹೋಗೋಣ. ಟೆಂಟ್ ಹಾಕ್ತಿದ್ದ ಗದ್ದೆ ನೋಡ್ಬೇಕು" ಅಂದಳು.

ಅಮ್ಮನಿಗೆ 72 ವರ್ಷ. ಹುಟ್ಟಿದ್ದು ಸಾಗರದಿಂದ ಹೊಸನಗರಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಮದುವೆಯಾಗಿ ಶಿವಮೊಗ್ಗಕ್ಕೆ ಬಂದದ್ದು 1973ರಲ್ಲಿ. ಹುಡುಗಿಯಾಗಿದ್ದಾಗ ನೋಡಿದ್ದೆಲ್ಲ ಟೆಂಟಿನಲ್ಲಿ, ಮದುವೆಯಾದ ಮೇಲೆ ನೋಡಿದ್ದೆಲ್ಲ ಆ ಒಂದೇ ಟಾಕೀಸಿನಲ್ಲಿ. ಎರಡನ್ನೂ ಒಂದೇ ಸಲ ನೋಡಿ ಬರೋಣ ಅಂತ ಹೊರಟೆವು.

ಮೊದಲ ದಿನ: ಶಿವಮೊಗ್ಗ

ಬೆಳಗಿನ ಜಾವ ಬೆಂಗಳೂರು ಬಿಟ್ಟು, ತರೀಕೆರೆ, ಭದ್ರಾವತಿ ದಾಟಿ ಹನ್ನೊಂದಕ್ಕೆ ಶಿವಮೊಗ್ಗ ಸೇರಿದೆವು. ಊರಲ್ಲಿ ಮಳೆ ಜೋರಿರಲಿಲ್ಲ, ಸುಮ್ನೆ ಹನಿ ಹಾಕುತ್ತಿತ್ತು. ಹೊಸದಾಗಿ ಹೋಗುವವರು ಇದನ್ನು ನಂಬಿ ಬರೀ ಛತ್ರಿ ಹಿಡಿದು ಮುಂದೆ ಹೊರಡಬಾರದು. ಆಯನೂರು ದಾಟಿದ ಮೇಲೆ ಮಳೆಯ ಲೆಕ್ಕವೇ ಬೇರೆ. ಮೀನಾಕ್ಷಿ ಭವನದಲ್ಲಿ ದೋಸೆ ತಿಂದು, ಎರಡು ಸಲ ಕಾಫಿ ಕುಡಿದು, ನಮ್ಮ ಹಳೆಯ ಬೀದಿಗೆ ಹೊರಟೆವು.

ಶಿವಮೊಗ್ಗದಲ್ಲಿ ಈಗಲೂ ವಿಳಾಸ ಹೇಳುವುದು ಟಾಕೀಸಿನ ಹೆಸರಿನಲ್ಲೇ. ಲಕ್ಷ್ಮಿ ಟಾಕೀಸ್ ಹತ್ತಿರ ಇಳೀರಿ, ಮಲ್ಲಿಕಾರ್ಜುನ ಟಾಕೀಸಿನ ಪಕ್ಕ ಬನ್ನಿ, ಎಚ್‌ಪಿಸಿ ಹತ್ತಿರ ನಿಂತಿರ್ತೀನಿ. ಬಾಯಲ್ಲಿ ಈಗಲೂ 'ಟಾಕೀಸ್' ಅನ್ನುವ ಪದವೇ. ಸಿನಿಮಾ ಮಾತಾಡಲು ಕಲಿತ ಕಾಲದ ಪದ ಅದು. ಕನ್ನಡದ ಮೊದಲ ಮಾತಿನ ಸಿನಿಮಾ ಬಂದದ್ದು 1934ರಲ್ಲಿ. ಮಾತಾಡುವ ಚಿತ್ರ ತೋರಿಸುವ ಜಾಗ ಅನ್ನುವುದೇ ಆಗ ದೊಡ್ಡ ಸುದ್ದಿ. ಮೂಕಿ ಚಿತ್ರ ಕಂಡವರು ಯಾರೂ ಈಗ ನಮ್ಮ ಬೀದಿಯಲ್ಲಿ ಇಲ್ಲ, ಪದ ಮಾತ್ರ ಉಳಿದಿದೆ.

ನಮ್ಮ ಟಾಕೀಸಿನ ಹೆಸರು ಇಲ್ಲಿ ಬರೆಯುವುದಿಲ್ಲ. ಆಸ್ತಿಯ ವಿಷಯ ಇನ್ನೂ ಮಾತುಕತೆಯಲ್ಲಿದೆ, ಮನೆಯವರು ಬೇಡ ಅಂದಿದ್ದಾರೆ. 2020ರ ಮಾರ್ಚ್‌ನಲ್ಲಿ ಎಲ್ಲ ಚಿತ್ರಮಂದಿರಗಳ ಹಾಗೆ ಅದರ ಬಾಗಿಲೂ ಮುಚ್ಚಿತು. ಮತ್ತೆ ತೆಗೆಯಲಿಲ್ಲ. ಆಮೇಲೆ ಅಡಿಕೆ ವ್ಯಾಪಾರದವರು ಗೋಡೌನ್ ಮಾಡಿಕೊಂಡರು. ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಒಬ್ಬ ಹಿರಿಯರು ಕೂತಿದ್ದರು. ಅಮ್ಮ ಹತ್ತಿರ ಹೋಗಿ ಒಂದು ನಿಮಿಷ ನೋಡಿದಳು.

"ನೀವು ಆಪರೇಟರ್ ಅಲ್ವಾ?"

ಅವರು ಎದ್ದು ನಿಂತರು. "ಹೌದಮ್ಮ. ಈಗ ವಾಚ್‌ಮನ್."

33 ವರ್ಷ ಇದೇ ಕಟ್ಟಡದ ಮೇಲಿನ ಕೋಣೆಯಲ್ಲಿ ಕೆಲಸ ಮಾಡಿದವರು. ನಾವು ಬಂದ ಕಾರಣ ಕೇಳಿ, ಯಾರಿಗೋ ಫೋನ್ ಮಾಡಿ, ಬೀಗ ತೆಗೆದರು.

ಒಳಗೆ ಕಾಲಿಟ್ಟಾಗ ಮೊದಲು ಬಡಿದದ್ದು ಅಡಿಕೆಯ ವಾಸನೆ. ಬೇಯಿಸಿ ಒಣಗಿಸಿದ ರಾಶಿ ಅಡಿಕೆಯ ಒಗರು ವಾಸನೆ. ಕುರ್ಚಿಗಳಿಲ್ಲ. ಅವುಗಳ ಕಾಲು ಕೂರಿಸಿದ್ದ ತೂತುಗಳು ಮಾತ್ರ ಸಾಲಾಗಿ ನೆಲದಲ್ಲಿವೆ. ನೆಲ ಪರದೆಯ ಕಡೆಗೆ ಇಳಿಜಾರು. ಹಾಗಾಗಿ ಚೀಲಗಳನ್ನು ಸುಮ್ನೆ ಪೇರಿಸಿದರೆ ಜಾರುತ್ತವೆ. ಅದಕ್ಕೆ ಮುಂದಿನ ಕಡೆ ಮರದ ತುಂಡು ಕೊಟ್ಟು, ಹಲಗೆ ಹಾಕಿ ಸಮ ಮಾಡಿ, ಅದರ ಮೇಲೆ ಚೀಲ ಇಟ್ಟಿದ್ದಾರೆ. ಪರದೆಯ ಬಟ್ಟೆ ಹೋಗಿದೆ. ಹಿಂದಿನ ಗೋಡೆ ಬಿಳಿಯಾಗಿಯೇ ಇದೆ, ಸುತ್ತ ಕಪ್ಪು ಬಣ್ಣದ ಅಂಚು. ಬಲಗಡೆ ಎದೆಯೆತ್ತರದ ಒಂದು ಗೋಡೆ. ಅದರಾಚೆ ಹೆಂಗಸರ ಕ್ಲಾಸು.

ಅಮ್ಮ ಆ ಗೋಡೆ ಹಿಡಿದು ನಿಂತಳು. "ಇಲ್ಲಿ ನಾಲ್ಕನೇ ಸಾಲು. ಕಂಬದ ಮರೆ ಬರ್ತಿರಲಿಲ್ಲ" ಅಂದಳು.

ಟಿಕೆಟ್ 75 ಪೈಸೆ ಇತ್ತಂತೆ. ಶುಕ್ರವಾರ ಸಿನಿಮಾ ಬದಲಾದರೆ, ಶನಿವಾರ ಮಧ್ಯಾಹ್ನ ಬೀದಿಯ ಹೆಂಗಸರೆಲ್ಲ ಊಟ ಮುಗಿಸಿ, ಪಾತ್ರೆ ತೊಳೆದು, ಮ್ಯಾಟಿನಿಗೆ ಹೊರಡುತ್ತಿದ್ದರು. ಅವರಿಗೇ ಬೇರೆ ಕೌಂಟರು, ಬೇರೆ ಬಾಗಿಲು. "ದೇವಸ್ಥಾನಕ್ಕೆ ಹೋದ್ರೂ ಮನೆಯವ್ರ ಹೆಸರಲ್ಲಿ ಅರ್ಚನೆ ಮಾಡಿಸ್ಬೇಕಿತ್ತು. ತವರಿಗೆ ಹೋದ್ರೂ ಅಲ್ಲಿ ಕೆಲಸ ಇತ್ತು. ಇಲ್ಲಿ ಮಾತ್ರ ಮೂರು ಗಂಟೆ ಯಾರಿಗೂ ಏನೂ ಬಡಿಸೋದಿಲ್ಲ" ಅಂದಳು ಅಮ್ಮ. ಇಷ್ಟು ವರ್ಷದಲ್ಲಿ ಅವಳ ಬಾಯಲ್ಲಿ ಈ ಮಾತು ನಾನು ಕೇಳಿರಲಿಲ್ಲ.

ಆಪರೇಟರ್ ನಮ್ಮನ್ನು ಮೇಲಿನ ಕೋಣೆಗೆ ಕರೆದೊಯ್ದರು. ಕಬ್ಬಿಣದ ಕಡಿದಾದ ಮೆಟ್ಟಿಲು. ಅಮ್ಮ ಸೆರಗು ಸಿಕ್ಕಿಸಿಕೊಂಡು ನಿಧಾನವಾಗಿ ಹತ್ತಿದಳು. ಗೋಡೆಯಲ್ಲಿ ಚೌಕದ ಕಿಂಡಿಗಳು, ಒಂದೊಂದಕ್ಕೂ ಕಬ್ಬಿಣದ ಮುಚ್ಚಳ. ಹಳೆಯ ಕಾಲದ ಫಿಲ್ಮು ಬೇಗ ಬೆಂಕಿ ಹಿಡಿಯುವಂಥದ್ದು. ಬೆಂಕಿ ಬಿದ್ದರೆ ಆ ಮುಚ್ಚಳ ಕೆಳಗೆ ಬಿಟ್ಟು, ಉರಿ ಜನರ ಕಡೆ ಹೋಗದ ಹಾಗೆ ತಡೆಯಬೇಕಿತ್ತು. ಮುಂದೆ ಸುಲಭಕ್ಕೆ ಉರಿಯದ ಫಿಲ್ಮು ಬಂತು, ಮುಚ್ಚಳಗಳು ಹಾಗೇ ಉಳಿದವು.

ಎರಡು ಪ್ರೊಜೆಕ್ಟರ್ ಇದ್ದ ಜಾಗ ತೋರಿಸಿದರು. ಯಾಕೆ ಎರಡು ಅಂದರೆ, 1000 ಅಡಿಯ ಒಂದು ರೀಲು ಓಡುವುದು 11 ನಿಮಿಷ. ಸೆಕೆಂಡಿಗೆ 24 ಚಿತ್ರ ದಾಟುತ್ತವೆ. ಎರಡೂವರೆ ಗಂಟೆಯ ಸಿನಿಮಾಕ್ಕೆ 13 ಸಾವಿರ ಅಡಿಗಿಂತ ಜಾಸ್ತಿ ಫಿಲ್ಮ್ ಬೇಕು. ಉದ್ದ ಬಿಚ್ಚಿಟ್ಟರೆ ನಾಲ್ಕು ಕಿಲೋಮೀಟರ್. ಒಂದು ಮಿಷನ್‌ನಲ್ಲಿ ರೀಲು ಮುಗಿಯುವ ಹೊತ್ತಿಗೆ ಇನ್ನೊಂದು ಹೊರಡಬೇಕು. ಪರದೆಯ ಬಲ ಮೇಲ್ಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತದೆ, ಆಗ ಎರಡನೇ ಮೋಟಾರು ಹಾಕಬೇಕು. ಕೆಲವೇ ಸೆಕೆಂಡಿನಲ್ಲಿ ಇನ್ನೊಂದು ಚುಕ್ಕೆ, ಆಗ ಬೆಳಕು ಬದಲಿಸಬೇಕು. "ನೀವೆಲ್ಲ ಕಥೆ ನೋಡ್ತಿದ್ರಿ ಅಮ್ಮ, ನಾನು ಆ ಮೂಲೆ ನೋಡ್ತಿದ್ದೆ" ಅಂದರು.

ಬೆಳಕಿಗೆ ಆಗ ಬಲ್ಬ್ ಇರಲಿಲ್ಲ. ಎರಡು ಕಾರ್ಬನ್ ಕಡ್ಡಿಗಳ ತುದಿ ಹತ್ತಿರ ತಂದು ಕರೆಂಟ್ ಕೊಟ್ಟರೆ ನಡುವೆ ಉರಿಯುವ ಬಿಳಿ ಬೆಳಕು. ಕಡ್ಡಿ ಸವೆದ ಹಾಗೆ ತಿರುಪು ತಿರುಗಿಸಿ ಹತ್ತಿರ ತರಬೇಕು. ಮರೆತರೆ ಪರದೆ ಹಳದಿಯಾಗುತ್ತದೆ, ಕೆಳಗೆ ಶಿಳ್ಳೆ ಶುರು. ಉಳಿದ ಕಡ್ಡಿ ತುಂಡುಗಳಿಗಾಗಿ ಹಿಂದಿನ ಓಣಿಯಲ್ಲಿ ನಾವು ಮಕ್ಕಳು ಕಾಯುತ್ತಿದ್ದದ್ದು ನನಗೂ ನೆನಪಿದೆ. ತುಂಡಾದ ಫಿಲ್ಮ್ ಸಿಕ್ಕರೆ ಇನ್ನೂ ಖುಷಿ. ಬಿಸಿಲಿಗೆ ಹಿಡಿದು ನೋಡಿದರೆ ಒಂದೇ ಮುಖ, ಮತ್ತೆ ಮತ್ತೆ ಅದೇ ಮುಖ.

"ಪೆಟ್ಟಿಗೆ ಗಾಂಧಿನಗರದಿಂದ ಬಸ್ಸಲ್ಲಿ ಬರೋದು" ಅಂದರು. "ಬೆಂಗಳೂರಲ್ಲಿ ನೂರು ದಿನ ಓಡಿ, ಗೀರು ಬಿದ್ದು, ಹಾಡು ತುಂಡಾಗಿ ನಮಗೆ ಸಿಗೋದು. ಡಿಜಿಟಲ್ ಬಂದ ಮೇಲೆ ಅದೇ ಶುಕ್ರವಾರ ಇಲ್ಲೂ ಬಿಡುಗಡೆ. ಚಿತ್ರ ಕನ್ನಡಿ ಹಾಗೆ ಇತ್ತು. ಒಳ್ಳೇದೇ ಆಯ್ತು. ಆದ್ರೆ ಅಷ್ಟೊತ್ತಿಗೆ ಆ ಕಡೆ ಗೋಡೆಯವರು ಬರೋದು ನಿಂತಿತ್ತು." ಹೆಂಗಸರ ಕ್ಲಾಸಿನ ಕಡೆ ಕೈ ತೋರಿಸಿದರು. "ಬೆಳಕಿನ ಸೀನ್ ಬಂದಾಗ ಕಿಂಡಿಯಿಂದ ಹಾಲೆಲ್ಲ ಕಾಣೋದು. ಸೆರಗು ಕಣ್ಣಿಗೆ ಹೋದ್ರೆ ಈ ಸಿನಿಮಾ ನಾಲ್ಕು ವಾರ ಓಡತ್ತೆ ಅಂತ ಮಾಲೀಕರಿಗೆ ನಾನೇ ಹೇಳ್ತಿದ್ದೆ."

ಮೂಲೆಯ ಕಪಾಟಿನಿಂದ ಒಂದು ಚಿಕ್ಕ ಡಬ್ಬಿ ತೆಗೆದರು. ಒಳಗೆ ಅಂಗೈಗಿಂತ ಚಿಕ್ಕ ಗಾಜಿನ ಚೌಕಗಳು. ಸ್ಲೈಡುಗಳು. 'ಧೂಮಪಾನ ಮಾಡಬಾರದು' ಅನ್ನುವುದೊಂದು, ಸೀರೆ ಅಂಗಡಿಯದೊಂದು. ಇನ್ನು ಕೆಲವು ಬರೀ ಗಾಜು. ದೀಪದ ಹೊಗೆಗೆ ಹಿಡಿದು ಮಸಿ ಕಟ್ಟಿಸಿ, ಸೂಜಿಯಿಂದ ಬರೆದು, ತಲೆಕೆಳಗಾಗಿ ತೂರಿಸಿದರೆ ಪರದೆಯ ಮೇಲೆ ಬಿಳಿ ಅಕ್ಷರ ನೆಟ್ಟಗೆ ಬೀಳುತ್ತದೆ. ಇಂಥವರು ಕೂಡಲೇ ಹೊರಗೆ ಬರಬೇಕು ಅಂತ.

ಅಮ್ಮ ಒಂದು ಗಾಜನ್ನು ಕೈಯಲ್ಲಿ ಹಿಡಿದುಕೊಂಡಳು. "ನನ್ನ ಹೆಸರೂ ಬಂದಿತ್ತು" ಅಂದಳು.

1979ರಲ್ಲಿ. ನಾನು ಮೂರು ವರ್ಷದವಳು, ಮಡಿಲಲ್ಲಿ ನಿದ್ದೆ ಹೋಗಿದ್ದೆನಂತೆ. ಇಂಟರ್ವಲ್ ಸ್ಲೈಡುಗಳ ನಡುವೆ ಅವಳ ಹೆಸರು, ಕೆಳಗೆ 'ನಿಮ್ಮ ತಮ್ಮ ಹೊರಗೆ ಕಾಯುತ್ತಿದ್ದಾರೆ' ಅಂತ. ಮಾವ ಊರಿಂದ ಬಂದಿದ್ದ. ಅಜ್ಜ ತೀರಿಹೋಗಿದ್ದರು. ಆ ಸಿನಿಮಾದ ಉಳಿದರ್ಧ ಅಮ್ಮ ಇವತ್ತಿಗೂ ನೋಡಿಲ್ಲ. ಟಿವಿಯಲ್ಲಿ ಎಷ್ಟೋ ಸಲ ಬಂದಿದೆ. ಮಧ್ಯದಲ್ಲಿ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಾಳೆ. ಯಾಕೆ ಅಂತ ನನಗೆ ಗೊತ್ತಾದದ್ದು ಆ ಕೋಣೆಯಲ್ಲಿ.

"ಆ ಗಾಜು ಒರೆಸಿ ಮಾರನೇ ದಿನ ಇನ್ನೊಬ್ಬರ ಹೆಸರು ಬರೀತಿದ್ವಿ ಅಮ್ಮ" ಅಂದರು ಆಪರೇಟರ್, ತಪ್ಪು ಮಾಡಿದವರ ಹಾಗೆ.

ಸಂಜೆ ಗಾಂಧಿ ಬಜಾರಿನಲ್ಲಿ ಸುತ್ತಿ, ಕೈಗಾಡಿಯಲ್ಲಿ ಖಾರ ಮಂಡಕ್ಕಿ ತಿಂದೆವು. ಅಮ್ಮ ಜಾಸ್ತಿ ಮಾತಾಡಲಿಲ್ಲ.

ಎರಡನೇ ದಿನ: ಅರಸಾಳು, ಹೆಗ್ಗೋಡು, ತವರು

ಆಯನೂರಿನಲ್ಲಿ ಸಾಗರದ ಹೆದ್ದಾರಿ ಬಿಟ್ಟು ರಿಪ್ಪನ್‌ಪೇಟೆ ರಸ್ತೆಗೆ ತಿರುಗಿದೆವು. ಸ್ವಲ್ಪ ಸುತ್ತು, ಆದರೆ ಕಾಡಿನ ನಡುವಿನ ದಾರಿ. ಮಳೆ ಹಿಡಿದರೆ ವೈಪರ್ ಎಷ್ಟು ಜೋರಾಗಿ ಓಡಿದರೂ ಎದುರಿನ ಬಸ್ಸು ಹತ್ತಿರ ಬರುವವರೆಗೆ ಕಾಣುವುದಿಲ್ಲ. ಹೆಡ್‌ಲೈಟ್ ಹಾಕಿಕೊಂಡೇ ಹೋಗಬೇಕು. ಪೆಟ್ರೋಲ್ ಶಿವಮೊಗ್ಗದಲ್ಲೇ ತುಂಬಿಸಿಕೊಂಡಿದ್ದು ಒಳ್ಳೆಯದಾಯಿತು.

ಅರಸಾಳು ಚಿಕ್ಕ ರೈಲ್ವೆ ಸ್ಟೇಷನ್. ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ಮಾಲ್ಗುಡಿಯ ಸ್ಟೇಷನ್ ಆಗಿ ಕಾಣಿಸಿದ್ದು ಇದೇ. ಉಳಿದದ್ದರಲ್ಲಿ ಹೆಚ್ಚಿನ ಭಾಗ ಆಗುಂಬೆಯಲ್ಲಿ ನಡೆದಿತ್ತು. ಪಾಳು ಬಿದ್ದಿದ್ದ ಹಳೆಯ ಕಟ್ಟಡವನ್ನು ರಿಪೇರಿ ಮಾಡಿ 2020ರಲ್ಲಿ ಮ್ಯೂಸಿಯಂ ಮಾಡಿದ್ದಾರೆ. ಹೆಂಚಿನ ಮಾಡು, ಮುಂದೆ ಮರದ ಬೆಂಚು. ಮಳೆಗೆ ಪ್ಲಾಟ್‌ಫಾರ್ಮಿನಲ್ಲಿ ನಾವಿಬ್ಬರೇ.

ನಾನು ಫೋಟೋ ತೆಗೆಯುತ್ತಿದ್ದೆ. ಅಮ್ಮ ಬೆಂಚಿನ ಮೇಲೆ ಕೂತು, "ನಮ್ಮ ಮ್ಯಾಟಿನಿ ನಿಂತಿದ್ದು ಇದರಿಂದ್ಲೇ ಅಲ್ವಾ" ಅಂದಳು.

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವಳು ಹೇಳಿದ್ದು ಟಿವಿಯ ಬಗ್ಗೆ. ನಮ್ಮ ಮನೆಗೆ ಟಿವಿ ಬಂದದ್ದು 1987ರಲ್ಲಿ. ಕಪ್ಪು-ಬಿಳುಪು, ಮರದ ಪೆಟ್ಟಿಗೆ, ಮುಂದೆ ಎಳೆದು ಮುಚ್ಚುವ ಬಾಗಿಲು. ಭಾನುವಾರ ಸಂಜೆ ದೂರದರ್ಶನದಲ್ಲಿ ಕನ್ನಡ ಸಿನಿಮಾ. ಬೀದಿಯ ಹೆಂಗಸರು ಮಕ್ಕಳೆಲ್ಲ ನಮ್ಮ ಮನೆಯ ನಡುಮನೆಯಲ್ಲಿ. ದುಡ್ಡು ಕೊಡಬೇಕಿಲ್ಲ, ಮಳೆಯಲ್ಲಿ ನಡೆಯಬೇಕಿಲ್ಲ. "ಅವರಿಗೆಲ್ಲ ಸಿನಿಮಾ. ನನಗೆ ಇಪ್ಪತ್ತು ಲೋಟ ಕಾಫಿ" ಅಂದಳು ಅಮ್ಮ.

ಟಾಕೀಸುಗಳು ಯಾಕೆ ಮುಚ್ಚಿದವು ಅಂತ ಬರೆಯುವವರು ಕ್ಯಾಸೆಟ್ಟು, ಕೇಬಲ್ಲು, ಮೊಬೈಲು, ಜಾಗದ ಬೆಲೆ ಅಂತ ಕಾರಣ ಕೊಡುತ್ತಾರೆ. ಎಲ್ಲ ನಿಜ. ಆದರೆ ಎದೆಯೆತ್ತರದ ಆ ಗೋಡೆಯಾಚೆ ಕೂರುತ್ತಿದ್ದವರು ಮೊದಲು ಮನೆಗೆ ಹೋದರು. ಮನೆಗೆ ಹೋದವರು ಅಡುಗೆಮನೆಗೆ ಹೋದರು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿದದ್ದು ನಾನು ಓದಿಲ್ಲ.

ಸಾಗರ ಮುಟ್ಟಿ, ಊಟ ಮಾಡಿ, ಹೆಗ್ಗೋಡಿಗೆ ಹೊರಟೆವು. ಊಟಕ್ಕೆ ಒಂದೆಲಗದ ತಂಬುಳಿ ಇತ್ತು, ಅಮ್ಮ ಎರಡು ಸಲ ಹಾಕಿಸಿಕೊಂಡಳು. ದಾರಿಯಲ್ಲಿ ಭೀಮನಕೋಣೆಯಲ್ಲಿ 'ಚರಕ' ಸಹಕಾರ ಸಂಘದವರ ಕೈಮಗ್ಗದ ಬಟ್ಟೆ ನೋಡಿ, ಅತ್ತೆಗೆ ಅಂತ ಒಂದು ಸೀರೆ ತೆಗೆದುಕೊಂಡೆವು. ಅಲ್ಲಿಗೆ ಹೋದರೆ ಕೈಯಲ್ಲಿ ಸ್ವಲ್ಪ ನಗದು ಇರಲಿ, ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ.

ಹೆಗ್ಗೋಡಿನ ನೀನಾಸಮ್ ಎಲ್ಲರಿಗೂ ನಾಟಕದಿಂದ ಗೊತ್ತು. ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು 1949ರಲ್ಲಿ ಕಟ್ಟಿದ ಸಂಘ. ಆದರೆ ಇಲ್ಲಿ 1970ರ ದಶಕದಲ್ಲಿ ಒಂದು ಚಿತ್ರಸಮಾಜವೂ ಶುರುವಾಯಿತು. ಟೆಂಟಿನ ಸಿನಿಮಾ ಬಿಟ್ಟರೆ ಬೇರೆ ಕಾಣದ ಹಳ್ಳಿಗಳ ಜನರ ಮುಂದೆ ಸತ್ಯಜಿತ್ ರೇ, ಜಪಾನಿನ ಕುರೊಸಾವಾ ಅವರ ಚಿತ್ರಗಳನ್ನು ಇಟ್ಟರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದ್ದೂರ್ ಇಲ್ಲಿಗೆ ಬಂದು ಸಿನಿಮಾ ನೋಡುವುದು ಹೇಗೆ ಅಂತ ಪಾಠ ಮಾಡಿದರು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ರಂಗಮಂದಿರದ ಹೊರಗೆ ಚಹಾ ಕುಡಿಯುತ್ತಿದ್ದಾಗ, ಕಂಬಳಿ ಕೊಪ್ಪೆ ಹಾಕಿಕೊಂಡ ಒಬ್ಬರು ಮಾತಿಗೆ ಸಿಕ್ಕರು. ಪಕ್ಕದೂರಿನವರು, ತೋಟದಿಂದ ವಾಪಸ್ ಹೋಗುತ್ತಿದ್ದರು. ಆಗಿನ ಪ್ರದರ್ಶನಗಳಿಗೆ ಬಂದಿದ್ರಾ ಅಂತ ಕೇಳಿದೆ.

"ಬರದೆ ಇರ್ತೀವಾ? ಗದ್ದೆ ಕೆಲಸ ಮುಗಿಸಿ ಕಾಲು ತೊಳ್ಕೊಂಡು ಹಾಗೇ ಬರ್ತಿದ್ವಿ. ಮೊದ್ಲು ಕನ್ನಡದಲ್ಲಿ ಕಥೆ ಹೇಳೋರು. ಆಮೇಲೆ ಭಾಷೆ ಯಾವ್ದಾದ್ರೇನು? ಮಳೆ ಸುರಿಯೋದು, ಮನೆ ಸೋರೋದು, ಹೆಂಗಸು ಒಬ್ಳೇ ಕೂತು ಅಳೋದು. ಇದಕ್ಕೆ ಭಾಷೆ ಬೇಕಾ?"

ಅಮ್ಮ ಅವರನ್ನೇ ನೋಡುತ್ತಿದ್ದಳು. "ಹೆಂಗಸರು ಬರ್ತಿದ್ರಾ?" ಅಂತ ಕೇಳಿದಳು.

"ಬರ್ತಿದ್ರು. ನಮ್ಮ ಅಮ್ಮನೇ ಬಂದಿದ್ಲು. ಆದ್ರೆ ಅವಳಿಗೆ ಟೆಂಟಿನ ಸಿನಿಮಾನೇ ಇಷ್ಟ. ಅದ್ರಲ್ಲಿ ಹಾಡಿತ್ತು."

ಅಮ್ಮನಿಗೆ ಈ ಉತ್ತರ ಬಹಳ ಹಿಡಿಸಿತು. ಕಾರಿನಲ್ಲಿ ಎರಡು ಸಲ ಹೇಳಿಕೊಂಡಳು.

ಪುರಪ್ಪೇಮನೆ ದಾಟಿ ಮಾವನ ಮನೆಗೆ ತಿರುಗುವ ಮಣ್ಣುರಸ್ತೆಯಲ್ಲಿ ಕಾರಿನ ಹಿಂದಿನ ಚಕ್ರ ಕೆಸರಿಗೆ ಇಳಿಯಿತು. ಒತ್ತಿದಷ್ಟೂ ಆಳಕ್ಕೆ. ಫೋನ್ ಸತ್ತಿತ್ತು. ಅರ್ಧ ಗಂಟೆ ಆದ ಮೇಲೆ ನಾಟಿ ಮುಗಿಸಿ ಬರುತ್ತಿದ್ದ ಹೆಂಗಸರು ಐದು ಜನ ಸಿಕ್ಕರು. ಮಳೆಗೆ ತಲೆ-ಬೆನ್ನು ಮುಚ್ಚುವ ಗೊರಬು ಪಕ್ಕಕ್ಕಿಟ್ಟು, ಚಕ್ರದಡಿ ಸೊಪ್ಪು, ಅಡಿಕೆ ದಬ್ಬೆ ಹಾಕಿ, ಒಂದೇ ಸಲಕ್ಕೆ ನೂಕಿದರು. ಕಾರು ಮೇಲೆ ಬಂತು, ನನ್ನ ಕಾಲಿಗೆ ಮೂರು ಉಂಬಳ, ಅಂದರೆ ಜಿಗಣೆ, ಹತ್ತಿದ್ದವು. ಒಬ್ಬಾಕೆ ಎಲೆಅಡಿಕೆ ಸಂಚಿಯಿಂದ ಸುಣ್ಣ ತೆಗೆದು ಮುಟ್ಟಿಸಿದಳು, ತಾನಾಗಿ ಬಿದ್ದವು. ಮಳೆಗಾಲದಲ್ಲಿ ಈ ಕಡೆ ಬರುವವರು ಒಂದು ಚಿಟಿಕೆ ಸುಣ್ಣವೋ ಉಪ್ಪೋ ಜೇಬಲ್ಲಿ ಇಟ್ಟುಕೊಳ್ಳಲೇಬೇಕು.

ಮಾವನ ಮನೆಯಲ್ಲಿ ಒಲೆಯ ಹತ್ತಿರ ಕೂತು ಬಟ್ಟೆ ಒಣಗಿಸಿಕೊಂಡೆವು. ಅತ್ತೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದರು. ಜೊತೆಗೆ ಕಳಲೆ ಪಲ್ಯ. ಎಳೆ ಬಿದಿರನ್ನು ತೆಳ್ಳಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತಾ ಮೂರು ದಿನ ನೆನೆಸಿದ ಮೇಲೆ ಮಾಡುವ ಪಲ್ಯ. ಅದರ ಒಂದು ಬಗೆಯ ವಾಸನೆ ಹೊರಗಿನವರಿಗೆ ಹಿಡಿಸಲಿಕ್ಕಿಲ್ಲ, ನನಗೆ ಅದೇ ಊರಿನ ವಾಸನೆ. ಕರೆಂಟ್ ಇರಲಿಲ್ಲ. ಮಾಡಿನ ಮೇಲೆ ಮಳೆ ಒಂದೇ ಸಮ ಹೊಯ್ಯುತ್ತಿತ್ತು.

ಅಮ್ಮ ಟಾಕೀಸಿಗೆ ಹೋಗಿದ್ದನ್ನು ಹೇಳಿದಳು. ಗಾಜಿನ ಸ್ಲೈಡಿನ ಮಾತೂ ಬಂತು. ಮಾವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ಅಕ್ಕ, ನಿಂಗೆ ಒಂದು ಹೇಳಿಲ್ಲ ನಾನು."

ಅವತ್ತು ಅವನು ಟಾಕೀಸಿನ ಹತ್ತಿರ ಬಂದದ್ದು ಇಂಟರ್ವಲ್‌ಗೆ ಅಲ್ಲ. ಸಿನಿಮಾ ಶುರುವಾಗುವ ಹೊತ್ತಿಗೇ ಬಂದಿದ್ದ. ಮನೆಗೆ ಬೀಗ, ಪಕ್ಕದ ಮನೆಯವರು ಟಾಕೀಸಿಗೆ ಹೋಗಿದ್ದಾರೆ ಅಂದರು. ಗೇಟ್‌ಕೀಪರ್ ಆಗಲೇ ಒಳಗೆ ಹೇಳಿ ಕಳಿಸುತ್ತೇನೆ ಅಂದ. ಮಾವ ಬೇಡ ಅಂದ.

"ಹಿಂದೆ ಹೋಗೋ ಬಸ್ ಇದ್ದಿದ್ದೇ 5 ಗಂಟೆಗೆ. ಮೊದ್ಲೇ ಕರೆದ್ರೂ ಬಸ್‌ಸ್ಟ್ಯಾಂಡಲ್ಲಿ ಕೂತು ಅಳೋದು ಅಷ್ಟೇ. ಇನ್ನು ಎಷ್ಟು ತಿಂಗ್ಳು ನೀನು ಸಿನಿಮಾ ನೋಡೋ ಹಾಗಿಲ್ವೋ ಅಂತ ಅನ್ನಿಸ್ತು. ಮೆಟ್ಲ ಮೇಲೆ ಕೂತಿದ್ದೆ. ಒಳಗಿಂದ ಹಾಡು ಕೇಳ್ತಿತ್ತು. ಅರ್ಧನಾದ್ರೂ ನೋಡ್ಲಿ ಅಂತ."

ಆಗ ಅವನಿಗೆ 19 ವರ್ಷ. ಅಪ್ಪನನ್ನು ಕಳೆದುಕೊಂಡ ದಿನ.

ಅಮ್ಮ ಏನೂ ಹೇಳಲಿಲ್ಲ. ಕಾವಲಿಯಿಂದ ಆಗ ತಾನೇ ತೆಗೆದ ರೊಟ್ಟಿಯನ್ನು ಅತ್ತೆಯ ಕೈಯಿಂದ ತೆಗೆದುಕೊಂಡು ಮಾವನ ತಟ್ಟೆಗೆ ಹಾಕಿದಳು. ಮೇಲೆ ತುಪ್ಪ ಹಾಕಿದಳು. ಇನ್ನೂ ಸ್ವಲ್ಪ ಹಾಕಿದಳು.

ಮೂರನೇ ದಿನ: ಗದ್ದೆ, ಮತ್ತೆ ಶಿವಮೊಗ್ಗ

ಬೆಳಿಗ್ಗೆ ಮಳೆ ಒಂದು ಗಂಟೆ ಹೊಳವಾಯಿತು. ಮೂವರೂ ಗದ್ದೆಗೆ ಹೋದೆವು.

ಟೆಂಟ್ ಬರುತ್ತಿದ್ದದ್ದು ಕೊಯ್ಲು ಮುಗಿದ ಮೇಲೆ. ಮಲೆನಾಡಿನ ಮಳೆಗೆ ಬಟ್ಟೆಯ ಡೇರೆ ನಿಲ್ಲುವುದಿಲ್ಲ. ಗದ್ದೆ ಖಾಲಿ ಇರಬೇಕು, ಅಡಿಕೆ ದುಡ್ಡು ಕೈಯಲ್ಲಿ ಓಡಾಡುತ್ತಿರಬೇಕು. ಯಕ್ಷಗಾನದ ಮೇಳಗಳೂ ಅದೇ ಕಾಲಕ್ಕೆ ತಿರುಗುತ್ತಿದ್ದವು. ಎತ್ತಿನ ಗಾಡಿಗೆ ಪೋಸ್ಟರ್ ಕಟ್ಟಿ, ತಮಟೆ ಹೊಡೆದು, ಗುಲಾಬಿ ಬಣ್ಣದ ಕರಪತ್ರ ಹಂಚುತ್ತಾ ಬರುತ್ತಿದ್ದರಂತೆ. ಸಂಜೆ ಲೌಡ್‌ಸ್ಪೀಕರಿನಲ್ಲಿ ತಿಮ್ಮಪ್ಪನ ಹಾಡು ಹಾಕಿದರೆ ಟಿಕೆಟ್ ಕೊಡಲು ಶುರು ಮಾಡಿದ್ದಾರೆ ಅಂತ ಅರ್ಥ. ಎರಡು ಮೈಲಿ ದೂರದವರು ಆ ಹಾಡು ಕೇಳಿಯೇ ದಾಪುಗಾಲು ಹಾಕುತ್ತಿದ್ದರು. ಸಿನಿಮಾ ಮುಗಿದ ಮೇಲೆ ಸೂಡಿ ಹೊತ್ತಿಸಿಕೊಂಡು ಕಾಡುದಾರಿಯಲ್ಲಿ ಗುಂಪಾಗಿ ವಾಪಸ್. ನಿರ್ದೇಶಕ ಗಿರೀಶ್ ಕಾಸರವಳ್ಳಿ ಹುಟ್ಟಿದ್ದು ಇದೇ ಸೀಮೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ನಾಲ್ಕು ಸಲ ಸ್ವರ್ಣಕಮಲ ತಂದ ಅವರೂ ಮೊದಲು ಸಿನಿಮಾ ಕಂಡದ್ದು ಇಂಥ ಟೂರಿಂಗ್ ಟಾಕೀಸಿನಲ್ಲೇ.

ಈಗ ಗದ್ದೆಯ ತುಂಬ ನೀರು. ನಾಟಿಯಾಗಿ ಒಂದು ವಾರ ಆಗಿರಬೇಕು, ಸಸಿ ಇನ್ನೂ ಹಳದಿ. ಅಮ್ಮ ಚಪ್ಪಲಿ ಬಿಟ್ಟು ಅಂಚಿನ ಮೇಲೆ ನಡೆದು, ಮಧ್ಯಕ್ಕೆ ಹೋಗಿ ನಿಂತಳು.

"ಇದೇ ಅಂಚು. ಈಚೆ ಹೆಂಗಸರು, ಆಚೆ ಗಂಡಸರು. ಪರದೆ ಆ ಹುಣಸೆಮರದ ಕಡೆ."

ಗಂಡಸರನ್ನೂ ಹೆಂಗಸರನ್ನೂ ಬೇರೆ ಮಾಡಲು ಹಗ್ಗ, ಬಟ್ಟೆ ಏನೂ ಬೇಕಿರಲಿಲ್ಲ. ಗದ್ದೆಯ ಅಂಚೇ ಸಾಕಾಗಿತ್ತು. ಹೆಂಗಸರ ಕಡೆಯ ಗದ್ದೆ ಒಂದು ಗೇಣು ಎತ್ತರ, ಹಾಗಾಗಿ ಹಿಂದೆ ಕೂತರೂ ಚೆನ್ನಾಗಿ ಕಾಣುತ್ತಿತ್ತಂತೆ. ಕೂಳೆ ಚುಚ್ಚಬಾರದು ಅಂತ ಮನೆಯಿಂದ ಹುಲ್ಲು, ಗೋಣಿ ತಂದು ಹಾಸಿಕೊಳ್ಳುತ್ತಿದ್ದರು. ಅಮ್ಮ ಬಗ್ಗಿ ನೀರಲ್ಲಿ ಕೈ ಆಡಿಸಿ, ಬಿದ್ದಿದ್ದ ಒಂದು ಸಸಿಯನ್ನು ನೆಟ್ಟಗೆ ನಿಲ್ಲಿಸಿದಳು.

ಹೊರಡುವಾಗ ಅತ್ತೆ ಎರಡು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ಟರು. "ಒಂದು ಆಪರೇಟರಿಗೆ" ಅಂದಳು ಅಮ್ಮ.

ಹೊಸನಗರ ದಾಟಿ ತೀರ್ಥಹಳ್ಳಿ ದಾರಿಯಲ್ಲಿ ಮರ ಬಿದ್ದು ಒಂದೂವರೆ ಗಂಟೆ ನಿಲ್ಲಬೇಕಾಯಿತು. ನಮ್ಮ ಹಿಂದಿದ್ದ ಬಸ್ಸಿನ ಕಂಡಕ್ಟರ್, ಕತ್ತಿ ಹಿಡಿದು ಕೊಂಬೆ ಕಡಿಯುತ್ತಲೇ ಮಾತಾಡಿದರು. ಅವರ ತಂದೆಯೂ ಕಂಡಕ್ಟರ್. ಆಗ ರಾತ್ರಿಯ ಕೊನೆ ಬಸ್ಸು ಫಸ್ಟ್ ಶೋ ಬಿಡುವವರೆಗೆ ಹೊರಡುತ್ತಿರಲಿಲ್ಲವಂತೆ. "ಸಿನಿಮಾ ಉದ್ದ ಆದ್ರೆ ಬಸ್ಸೂ ಲೇಟು. ಯಾರೂ ಬೈತಿರಲಿಲ್ಲ, ಬೈಯೋರೆಲ್ಲ ಒಳಗೇ ಇರ್ತಿದ್ರು" ಅಂದರು. ಕಾಯುವ ಹೊತ್ತಿಗೆ ಬಸ್ಸಿನವರಿಗೆಲ್ಲ ಹತ್ತಿರದ ಮನೆಯಿಂದ ಕಷಾಯ ಬಂತು. ನಮಗೂ ಕೊಟ್ಟರು.

ತೀರ್ಥಹಳ್ಳಿಯಲ್ಲಿ ಕಡುಬು, ಕಾಯಿಚಟ್ನಿ ತಿಂದು, ಮಂಡಗದ್ದೆಯಲ್ಲಿ ತುಂಬಿ ಹರಿಯುವ ತುಂಗೆಯನ್ನು ಐದು ನಿಮಿಷ ನಿಂತು ನೋಡಿ, ಸಂಜೆ ಐದಕ್ಕೆ ಶಿವಮೊಗ್ಗ ತಲುಪಿದೆವು. ಗೋಡೌನಿನ ಹತ್ತಿರ ಕುರ್ಚಿ ಖಾಲಿ. ಮನೆ ಹಿಂದಿನ ಓಣಿಯಲ್ಲೇ ಅಂತ ಹೇಳಿದ್ದರು, ಹುಡುಕಿಕೊಂಡು ಹೋದೆವು. ಆಪರೇಟರ್ ಇರಲಿಲ್ಲ, ಅವರ ಹೆಂಡತಿ ಬಾಗಿಲು ತೆಗೆದರು.

ಅಮ್ಮ ಬಾಟಲಿ ಕೊಟ್ಟು, "ನಿಮ್ಮ ಯಜಮಾನರು ತೋರಿಸಿದ ಸಿನಿಮಾ ಎಲ್ಲ ನೋಡಿದ್ದೀನಿ" ಅಂದಳು. "ನೀವು ದಿನಾ ನೋಡ್ತಿದ್ರೇನೋ?"

"ಎಲ್ಲಿಂದ ಅಕ್ಕ? ಒಂದೂ ಪೂರ್ತಿ ನೋಡಿಲ್ಲ. ರಾತ್ರಿ ಬುತ್ತಿ ತಗೊಂಡು ಮೇಲೆ ಹೋಗ್ತಿದ್ದೆ. ಅವ್ರು ಊಟ ಮಾಡೋವಷ್ಟು ಹೊತ್ತು ಕಿಂಡೀಲಿ ನೋಡ್ತಿದ್ದೆ. ದಿನಾ ಅದೇ ಟೈಮು, ದಿನಾ ಅದೇ ಹಾಡು. ಮುಂದೆ ಏನಾಯ್ತು ಅಂತ ಮಾರನೇ ದಿನ ಬೀದಿಯವರನ್ನ ಕೇಳ್ತಿದ್ದೆ."

ಅಮ್ಮ ಚಪ್ಪಲಿ ಬಿಟ್ಟು ಒಳಗೆ ಹೋದಳು. "ಯಾವ ಸಿನಿಮಾ ಹೇಳಿ" ಅನ್ನುವುದು ಕೇಳಿಸಿತು. ಮಳೆ ಮತ್ತೆ ಶುರುವಾಯಿತು. ನಾನು ಕಾರಿನಲ್ಲಿ ಕೂತು ಕಾದೆ. ಮುಕ್ಕಾಲು ಗಂಟೆಯಾಯಿತು. ಕತ್ತಲಾಗುವ ಮೊದಲು ಭದ್ರಾವತಿ ದಾಟಬೇಕು ಅಂದುಕೊಂಡಿದ್ದೆ. ಕರೆಯಲು ಹೋಗಲಿಲ್ಲ.